ಮಾಗಡಿ ಲೈನಿನ ಬೀಳ್ಕೊಡುಗೆ

ಪೇಟದ ಒಳಭಾಗದಲ್ಲಿ, ಕಿವಿಯ ಹಿಂದೆ ಬರುವ ಕಡೆ, ಒಂದು ಸೇಫ್ಟಿ ಪಿನ್ ಇರುತ್ತಿತ್ತು. ತಲೆ ಚಿಕ್ಕದಾದವರಿಗೆ ಅದನ್ನು ಮಡಿಕೆಗೆ ಚುಚ್ಚಿ ಪೇಟವನ್ನು ಬಿಗಿ ಮಾಡಬೇಕು. ದೊಡ್ಡದಾದವರಿಗೆ ಬಿಚ್ಚಿ ಸಡಿಲ ಬಿಡಬೇಕು. ಬಿಚ್ಚಿದ ಪಿನ್ನನ್ನು ನಾನು ನನ್ನ ದುಪಟ್ಟದ ಅಂಚಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಮೈಸೂರು ಪೇಟ. ನಿವೃತ್ತರಾದವರ ತಲೆಗಳು ಮಾತ್ರ ಒಂದೊಂದು ಅಳತೆಯವು.

ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ, ಕಾರ್ಮಿಕ ಕಲ್ಯಾಣ ವಿಭಾಗದಲ್ಲಿ ನಾನು ಎಂಟು ವರ್ಷ ಕೆಲಸ ಮಾಡಿದೆ. ಓದಿದ್ದು ಎಂ.ಎಸ್.ಡಬ್ಲ್ಯು. ಈಗ ಬಿಟ್ಟಿದ್ದೇನೆ. ಏಕೆ ಬಿಟ್ಟೆ ಎಂಬುದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ. ನಿವೃತ್ತಿ ಎಂದುಕೊಳ್ಳಲು ವಯಸ್ಸಾಗಿಲ್ಲ, ಆದರೆ ಬೇರೆ ಪದ ಸಿಗುತ್ತಿಲ್ಲ. ಅದೇ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಇಬ್ಬರು ಹುಡುಗಿಯರು, "ಅಕ್ಕಾ, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಹೇಳಿ" ಎಂದು ಕೇಳಿದರು. ಪುಸ್ತಕದಲ್ಲಿ ಇಲ್ಲದ್ದು ಬೀಳ್ಕೊಡುಗೆ. ಸಮಾಲೋಚನೆ, ಕ್ಯಾಂಟೀನ್ ಸಮಿತಿ, ಕಾರ್ಮಿಕ ಕಾಯ್ದೆ ಎಲ್ಲವನ್ನೂ ಕಾಲೇಜಿನಲ್ಲಿ ಕಲಿಸಿದ್ದರು. ಮನುಷ್ಯನನ್ನು ಹೇಗೆ ಕಳಿಸಿಕೊಡಬೇಕು ಎಂದು ಯಾರೂ ಕಲಿಸಿರಲಿಲ್ಲ. ಮೈಕ್ ಹಿಡಿದು ಮಾತಾಡುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ವೇದಿಕೆಯ ಮೇಲಿನ ಕೆಲಸ ಬೇರೆಯವರದು, ಪಿನ್ನಿನ ಕೆಲಸ ನನ್ನದು ಎಂದು ಮೊದಲ ತಿಂಗಳಲ್ಲೇ ತೀರ್ಮಾನವಾಯಿತು.

ಮೊದಲು ಕಲಿತ ಪಾಠ ವಾರದ್ದು. ನಾನು ಸೇರಿದ ವರ್ಷ ಅಚ್ಚು ವಿಭಾಗದ ಒಬ್ಬರ ಕೊನೆಯ ದಿನ ಸೋಮವಾರ ಬಂತು. ಕಾರ್ಮಿಕ ಸಂಘದ ಹಿರಿಯರಾದ ಕೆಂಪಯ್ಯನವರು ನನ್ನ ಮೇಜಿನ ಮುಂದೆ ಬಂದು ಕೂತರು.

"ಸೋಮ್ವಾರ ಯಾರಾದ್ರೂ ರಿಟೈರ್ ಆಯ್ತಾರಾ ಮೇಡಂ?"

"ಹುಟ್ಟಿದ ದಿನಾಂಕದ ಲೆಕ್ಕ ಸರ್, ನಾವು ಬದಲಾಯಿಸೋಕೆ ಆಗಲ್ಲ."

"ಉಟ್ಟಿದ್ದು ಅವ್ನ ತಪ್ಪಲ್ಲ, ಬುಡಿ. ಆದ್ರೆ ಸೋಮ್ವಾರ ಬಾಡು ತಿನ್ನಲ್ಲ ನಮ್ ಜನ. ಅನ್ನ ಸಾರಿಗೆ ಯಾರ್ ಬತ್ತಾರೆ?"

ಅವರು ಹೇಳಿದ್ದೇ ನಿಜವಾಯಿತು. ಪಲಾವು, ಪಾಯಸ ಉಳಿದವು. ಸಭಾಂಗಣದ ಹಿಂದಿನ ಕುರ್ಚಿಗಳೆಲ್ಲ ಖಾಲಿ. ಅಂದಿನಿಂದ ನಾನು ಮೊದಲು ವಾರ ನೋಡಿ ಆಮೇಲೆ ಹೂವಿನವರಿಗೆ ಹೇಳುತ್ತಿದ್ದೆ. ಕೊನೆಯ ದಿನ ಬಾಡು ತಿನ್ನದ ಸೋಮವಾರವೋ ಶನಿವಾರವೋ ಆದರೆ ಸಮಾರಂಭವನ್ನು ಅದಕ್ಕೆ ಮುಂಚಿನ ಶುಕ್ರವಾರಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಎರಡನೆಯ ಪಾಠ ಮೈಕಿನದು. ಊಟಕ್ಕೆ ಮೊದಲು ನಿವೃತ್ತರ ಕೈಗೆ ಮೈಕ್ ಕೊಡಬಾರದು. ಒಬ್ಬರು ತಾವು ಸೇರಿದ ದಿನದಿಂದ ಹಿಡಿದು, ತಮಗೆ ರಜೆ ಕೊಡದ ಪ್ರತಿ ಮೇಲ್ವಿಚಾರಕರ ಹೆಸರನ್ನೂ ಕಾರಣವನ್ನೂ ಹೇಳುತ್ತ ಹೋದರು. ಅವರಲ್ಲಿ ಇಬ್ಬರು ವೇದಿಕೆಯ ಮೇಲೆ ಪಕ್ಕದಲ್ಲೇ ಕೂತಿದ್ದರು. ಊಟದ ಮೇಜು ಭಾಷಣಕಾರರ ಬೆನ್ನ ಹಿಂದೆ ಇದ್ದುದರಿಂದ ಯಾರೂ ಏಳುವಂತಿರಲಿಲ್ಲ. ಆದರೂ ಅವರನ್ನು ನಡುವೆ ನಿಲ್ಲಿಸದೆ ಇದ್ದದ್ದು ಒಳ್ಳೆಯದಾಯಿತು ಎಂದೇ ನನಗೆ ಈಗಲೂ ಅನಿಸುತ್ತದೆ. ಮುಗಿಸಿದ ಮೇಲೆ ಅವರು ಆ ಇಬ್ಬರ ಪಕ್ಕದಲ್ಲೇ ಕೂತು ಊಟ ಮಾಡಿದರು.

ನಾಲ್ಕನೆಯ ವರ್ಷ ಪ್ರಸನ್ನ ಸರ್ ನಮ್ಮ ವಿಭಾಗದ ಮುಖ್ಯಸ್ಥರಾಗಿ ಬೆಂಗಳೂರಿನಿಂದ ಬಂದರು. ಕೆಟ್ಟವರಲ್ಲ. ಪ್ರತಿಯೊಂದಕ್ಕೂ ಒಂದು ಪದ್ಧತಿ ಇರಬೇಕು ಎನ್ನುವವರು. ಒಬ್ಬೊಬ್ಬರಿಗೆ ಒಂದೊಂದು ಸಮಾರಂಭ ಎಂದರೆ ಉತ್ಪಾದನೆಗೆ ತೊಂದರೆ, ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಒಟ್ಟಿಗೆ ಮಾಡೋಣ ಎಂದರು. ಪೇಟದ ಬದಲು ಕೇಕು, ಭಾಷಣದ ಬದಲು ಪರದೆಯ ಮೇಲೆ ಚಿತ್ರಗಳು, ಹಣ್ಣಿನ ಬುಟ್ಟಿಯ ಬದಲು ಚನ್ನಪಟ್ಟಣದ ಗೊಂಬೆ.

ಮೊದಲ ಸಲವೇ ತೊಡಕಾಯಿತು. ನಿವೃತ್ತರಾಗಿ ಎರಡು ತಿಂಗಳು ಕಳೆದವರು ತಮ್ಮ ಬೀಳ್ಕೊಡುಗೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರೆ, ಅವರ ಗುರುತಿನ ಚೀಟಿಗೆ ಗೇಟು ತೆರೆಯಲಿಲ್ಲ. ಕಾವಲಿನವನು ಫೋನ್ ಮಾಡಿದ.

"ಮೇಡಂ, ಇಲ್ಲೊಬ್ರು ಬಂದವ್ರೆ. ಹೋಗಕ್ಕೆ ಬಂದಿದೀನಿ, ಒಳೀಕ್ ಬುಡು ಅಂತಾವ್ರೆ. ಬುಡ್ಲಾ?"

ಗೊಂಬೆ ಪಡೆದವರಲ್ಲಿ ಒಬ್ಬರು ಚನ್ನಪಟ್ಟಣದವರೇ. ಅರಗಿನ ಬಣ್ಣದ ಕುದುರೆಯನ್ನು ತಿರುಗಿಸಿ ನೋಡಿ ಪ್ರಸನ್ನ ಸರ್ ಕಡೆ ನಕ್ಕರು. "ನಮ್ಮತ್ತಿಗೆ ಮಾಡಿರಾದು ಸಾರ್. ಮನೇಲಿ ಇನ್ನೂ ಒಂದ್ ಮೂಟೆ ಅವೆ. ಇದ್ನ ಇನ್ಯಾರಿಗಾದ್ರೂ ಕೊಡಿ." ಕೇಕಿನ ಮೇಲೆ ಮೇಣದ ಬತ್ತಿ ನೋಡಿ ಇನ್ನೊಬ್ಬರು, "ನನ್ ಉಟ್ಟಿದಬ್ಬ ಶ್ರಾವಣದಲ್ಲಿ" ಎಂದರು. ಪ್ರಸನ್ನ ಸರ್ ಇವನ್ನೆಲ್ಲ ಆರಂಭದ ಅಡಚಣೆಗಳು ಎಂದು ಬರೆದುಕೊಂಡರು. ಪದ್ಧತಿ ಮುಂದುವರಿಯಿತು. ಪೇಟ ಬೀರುವಿನೊಳಗೆ ಹೋಯಿತು.

ಹೀಗಿರುವಾಗ ಚಿಕ್ಕಣ್ಣನವರ ಸರದಿ ಬಂತು.

ಚಿಕ್ಕಣ್ಣನವರು ಮಾಗಡಿ ಲೈನಿನ ಬಸ್ಸಿನ ಚಾಲಕರು. ಕಾರ್ಖಾನೆಯ ಬಸ್ಸುಗಳು ರಾಮನಗರ, ಕನಕಪುರ, ಚನ್ನಪಟ್ಟಣ, ಮಾಗಡಿಗಳಿಂದ ಬೆಳಗಿನ ಪಾಳಿಯವರನ್ನು ಕರೆತಂದು ಮಧ್ಯಾಹ್ನ ಬಿಟ್ಟುಬರುತ್ತಿದ್ದವು. ನನ್ನ ಮನೆ ಮಾಗಡಿಯಲ್ಲಿ. ಕೆಲಸಕ್ಕೆ ಸೇರಿದ ದಿನದಿಂದಲೂ ಅವರ ಬಸ್ಸಿನಲ್ಲೇ ಹೋಗಿ ಬಂದವಳು. ನಾನು ಹತ್ತಿದಾಗ ಅವರು ತಲೆ ಆಡಿಸುತ್ತಿದ್ದರು, ನಾನೂ ತಲೆ ಆಡಿಸುತ್ತಿದ್ದೆ. ಇಬ್ಬರಿಗೂ ಅದು ಹಿತವಾಗಿತ್ತು. ಆದ್ದರಿಂದ ನಿವೃತ್ತಿಗೆ ಎರಡು ವಾರವಿದೆ ಎನ್ನುವಾಗ ಅವರು ನನ್ನ ಮೇಜಿನ ಮುಂದೆ ಬಂದು ನಿಂತದ್ದು ನೋಡಿ ನಾನು ಎದ್ದು ನಿಂತೆ.

"ಅಮ್ಮಾ, ನನ್ಗೆ ಗೊಂಬೆ ಬ್ಯಾಡ, ಶಾಲೂ ಬ್ಯಾಡ. ಬಸ್ಸು ನಮ್ಮೂರ್ಗೆ ಒಂದ್ಸಲ ಬರ್ಬೇಕು."

ಅವರ ಊರು ಮಾಗಡಿಯಿಂದ ಒಳಗೆ, ಕೆರೆ ಏರಿಯ ಆಚೆ. ಬಸ್ಸು ರಾತ್ರಿ ಮಾಗಡಿಯಲ್ಲೇ ನಿಲ್ಲುತ್ತಿತ್ತು. ಅವರು ಅಲ್ಲಿಂದ ಮೊಪೆಡ್ಡಿನಲ್ಲಿ ಮನೆಗೆ ಹೋಗುತ್ತಿದ್ದರು. ನಿಗದಿತ ದಾರಿ ಬಿಟ್ಟು ಹೋಗಬಾರದು, ಹೊರಗಿನವರನ್ನು ಹತ್ತಿಸಬಾರದು ಎಂಬುದು ಕಂಪನಿಯ ನಿಯಮ. ಅದನ್ನು ಅವರು ಒಂದು ದಿನವೂ ಮೀರಿದವರಲ್ಲ.

"ನಮ್ಮಣ್ಣ ದೊಡ್ಡಯ್ಯ ಸರ್ಕಾರಿ ಬಸ್ಸಲ್ಲಿದ್ದ" ಎಂದರು. "ಅವ್ನು ರಿಟೈರಾದಾಗ ಡಿಪೋದವ್ರು ಬಸ್ಸಿಗೆ ಬಾಳೆಕಂಬ ಕಟ್ಟಿ, ಮನೆ ಬಾಗ್ಲಿಗಂಟ ಕರ್ಕೊಂಬಂದು ಬುಟ್ರು. ಇವತ್ತಿಗೂ ಊರಲ್ಲಿ ಅದೇ ಮಾತು. ನಮ್ ಬಸ್ಸ ಊರಲ್ಲಿ ಯಾರೂ ಕಂಡಿಲ್ಲ. ಚಿಕ್ಕ ಡ್ರೈವರ್ರೇ ಅಲ್ಲ, ಗೇಟ್ ತಾವ ಸಲಾಂ ಹೊಡ್ಯೋನು ಅಂತ ನಮ್ಮಣ್ಣ ಅರಳಿಕಟ್ಟೇಲಿ ಕೂತ್ಕೊಂಡು ಹೇಳ್ತಾನೆ. ತಮಾಸೆಗೇ ಅನ್ನಿ. ಆದ್ರೆ ಕೇಳಿದೋರು ನಗ್ತಾರಲ್ಲ?"

ಹೊರಡಲು ತಿರುಗಿದವರು, "ನಮ್ಮನೆಯವ್ಳು ಆಗ್ಲೇ ಎಲ್ರಿಗೂ ಹೇಳ್ಬುಟ್ಟವ್ಳೆ, ಬಸ್ಸು ಬತ್ತದೆ ಅಂತ" ಎಂದು ಸೇರಿಸಿದರು.

ಪ್ರಸನ್ನ ಸರ್‌ಗೆ ಹೇಳಿದೆ. ಅವರು ಆಗಲೇ ತಲೆ ಅಡ್ಡ ಆಡಿಸತೊಡಗಿದ್ದರು. "ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತೆ. ಬಸ್ಸನ್ನ ಮನೆಮನೆಗೆ ಕಳಿಸೋಕಾಗುತ್ತಾ?"

ಆಗ ಮಾಗಡಿಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು. ಬಸ್ಸು ರಾತ್ರಿ ನಿಲ್ಲಲು ಬೇರೆ ಜಾಗ ನೋಡಬೇಕಾಗಿದ್ದದ್ದು ನಿಜ. ಚಿಕ್ಕಣ್ಣನವರ ಊರಿನ ಮುಂದೆ ಒಂದು ಮೈದಾನ ಇದ್ದದ್ದೂ ನಿಜ. ಈ ಎರಡು ನಿಜಗಳನ್ನು ಬೇರೆ ಬೇರೆ ದಿನ ಹೇಳಿ, ಹೊಸ ಚಾಲಕ ಮುಬಾರಕ್‌ಗೂ ಜಾಗ ತೋರಿಸಬೇಕು, ಮಂಗಳವಾರ ಹೋಗಿ ನೋಡಿ ಬಂದರೆ ಒಳ್ಳೆಯದು ಎಂದೆ. ಮಂಗಳವಾರ ಚಿಕ್ಕಣ್ಣನವರ ಕೊನೆಯ ದಿನ. ಸರ್ ಡೈರಿ ತೆಗೆದು ಮಂಗಳವಾರದ ಪುಟ ತಿರುವಿದರು.

"ಸುರಕ್ಷತೆಯ ವಿಷಯ ಅಂದರೆ ನಾನೇ ಬಂದು ನೋಡಬೇಕಾಗುತ್ತೆ" ಎಂದರು.

ಮಂಗಳವಾರ ಮಧ್ಯಾಹ್ನ ಬೀರುವಿನಿಂದ ಪೇಟ ತೆಗೆದೆ. ಪಾಳಿ ಮುಗಿಸಿದವರು ಬಸ್ಸಿನ ಮುಂದೆ ಬಾಳೆಕಂಬ ಕಟ್ಟಿದರು. ಕನ್ನಡಿಗೆ ಚೆಂಡುಹೂವಿನ ಹಾರ. ಜಾಗ ಪರಿಶೀಲನೆಗೆ ಇಷ್ಟು ಜನ ಏಕೆ ಎಂದು ಪ್ರಸನ್ನ ಸರ್ ಕೇಳಲಿಲ್ಲ. ರಾಮನಗರ, ಕನಕಪುರ ಲೈನಿನವರೂ ಹತ್ತಿದ್ದರಿಂದ ಸರ್‌ಗೆ ಸೀಟು ಸಿಕ್ಕಿದ್ದು ಹಿಂದಿನ ಸಾಲಿನಲ್ಲಿ.

ಮುಬಾರಕ್ ಓಡಿಸಬೇಕು, ಚಿಕ್ಕಣ್ಣನವರು ಪಕ್ಕದಲ್ಲಿ ಪೇಟ ಧರಿಸಿ ಕೂರಬೇಕು ಎಂಬುದು ವ್ಯವಸ್ಥೆ. ಬಿಡದಿ ದಾಟುವಷ್ಟರಲ್ಲಿ ಅದು ಮುರಿಯಿತು. ರಸ್ತೆಯ ಪ್ರತಿ ಉಬ್ಬಿಗೂ ಚಿಕ್ಕಣ್ಣನವರ ಬಲಗಾಲು ನೆಲ ಒತ್ತುತ್ತಿತ್ತು. "ಇಲ್ಲಿ ಒಸಿ ಎಡಕ್ಕಿರ್ಲಿ... ಈ ಮನೆ ನಾಯಿ ಅಡ್ಡ ಬತ್ತದೆ... ಥರ್ಡಿಗ್ ಬಾ." ಮುಬಾರಕ್ ಚನ್ನಪಟ್ಟಣದವನು, ಲಾರಿ ಓಡಿಸಿ ಪಳಗಿದವನು, ತಾಳ್ಮೆಯ ಮನುಷ್ಯ. ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ ಇಳಿದ.

"ಅಣ್ಣಾ, ನೀವೇ ಓಡ್ಸಿ. ನನ್ ಬ್ರೇಕ್ ಮೇಲೂ ನಿಮ್ ಕಾಲೇ ಐತೆ ಅನ್ನಿಸ್ತೈತೆ."

ಹಾಗಾಗಿ ಚಿಕ್ಕಣ್ಣನವರು ಪೇಟ, ಹಾರ, ಬೇಡವೆಂದಿದ್ದ ಶಾಲು ಸಮೇತ ತಮ್ಮ ಬೀಳ್ಕೊಡುಗೆಯ ಬಸ್ಸನ್ನು ತಾವೇ ಓಡಿಸಿದರು. ದಾರಿಯ ಒಂದು ಟೀ ಅಂಗಡಿಯ ಮುಂದೆ ನಿಂತಿದ್ದವರು ಕೂಗಿ ಹೇಳಿದ್ದು ಒಳಗಿನವರಿಗೆಲ್ಲ ಕೇಳಿಸಿತು: "ನೋಡ್ಲಾ, ಮದ್ವೆ ಗಂಡೇ ಬಸ್ ಓಡ್ಸ್ತಾವ್ನೆ. ವಯಸ್ಸಾದ್ಮೇಲೆ ಕೂಡಿಬಂದೈತೆ."

ಕೆರೆ ಏರಿ ಇಳಿದು ಊರು ಸೇರಿದಾಗ ಜನ ನೆರೆದಿದ್ದರು. ಅರಳಿಕಟ್ಟೆಯ ಮೇಲೆ ಬಿಳಿ ಮೀಸೆಯ ದೊಡ್ಡಯ್ಯನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಬಸ್ಸು ಮನೆಯ ಮುಂದೆ ನಿಂತಿತು. ಚಿಕ್ಕಣ್ಣನವರ ಹೆಂಡತಿ ಜಯಮ್ಮ ಬಾಗಿಲಿನಿಂದ ಹೊರಗೆ ಬಂದರು. ಕೈಯಲ್ಲಿ ಆರತಿ ತಟ್ಟೆ ಇರಲಿಲ್ಲ. ಅಂಗೈ ಮುಂದೆ ಚಾಚಿ ಪೊಲೀಸರಂತೆ ತಡೆದರು.

"ಯಾರೂ ಇಳೀಬ್ಯಾಡಿ. ರಾಹುಕಾಲ."

ಏಳುತ್ತಿದ್ದವರು ಮತ್ತೆ ಕೂತರು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ನಾನು ಬಾಡೂಟಕ್ಕೆ ಮಂಗಳವಾರ ಅಡ್ಡಿಯಿಲ್ಲ ಎಂದಷ್ಟೇ ನೋಡಿದ್ದೆ. ಪ್ರಸನ್ನ ಸರ್ ಹಿಂದಿನ ಸಾಲಿನಿಂದ ಬಗ್ಗಿ, "ಇದು ಪ್ಲಾನಿನಲ್ಲಿ ಇತ್ತಾ?" ಎಂದರು. ಇರಲಿಲ್ಲ ಎಂದೆ.

"ರಾಹುಕಾಲದಲ್ಲಿ ಮನೆ ತುಂಬಿಸ್ಕೊಂಡ್ರೆ ಆಯ್ತದಾ? ಇಷ್ಟ್ ವರ್ಸ ಇಲ್ದಿದ್ದು ಇವತ್ಯಾಕೆ ಬೇಗ್ ಬಂದೆ?" ಎಂದು ಜಯಮ್ಮ ಗಂಡನನ್ನು ಕೇಳಿದರು.

ದೊಡ್ಡಯ್ಯನವರು ಕಟ್ಟೆಯಿಂದಲೇ, ಊರಿಗೆಲ್ಲ ಕೇಳುವಂತೆ, "ನಮ್ ಡಿಪೋದವ್ರು ಹೊತ್ತು ನೋಡ್ಕೊಂಡ್ ಬಂದಿದ್ರಪ್ಪ" ಎಂದರು. ಒಂದಿಬ್ಬರು ನಕ್ಕರು.

ಚಿಕ್ಕಣ್ಣನವರ ಕತ್ತು ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಇಷ್ಟು ಜನ ರಾಹುಕಾಲ ಮುಗಿಯುವವರೆಗೆ ಬಿಸಿಲಿನಲ್ಲಿ, ಬಾಗಿಲ ಮುಂದೆ, ಇಳಿಯದೆ ಕೂತರೆ ಊರು ಇನ್ನು ಮುಂದೆ ಹೇಳುವ ಕತೆ ಯಾವುದು ಎಂದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಸ್ಸು ಬರದೇ ಇದ್ದಿದ್ದರೇ ವಾಸಿ ಎನ್ನುವ ಹಾಗಾಗಿತ್ತು.

ಅವರು ಇಂಜಿನ್ ಆರಿಸಲಿಲ್ಲ. ಕನ್ನಡಿಯಲ್ಲಿ ನಮ್ಮೆಲ್ಲರನ್ನೂ ನೋಡಿ, "ಕೂತ್ಕಳಿ, ಒಂದ್ ರೌಂಡ್ ಲೈನ್ ನೋಡ್ಕೊಂಡ್ ಬರಾನ" ಎಂದರು.

"ಎಲ್ಲೀಗ್ ಹೊಂಟೆ?" ಎಂದರು ಜಯಮ್ಮ.

"ದಿನಾ ಎಲ್ಲೀಗ್ ಓಯ್ತಿದ್ನೋ ಅಲ್ಲೀಗೇ."

"ಹಂಗಾದ್ರೆ ನಾನೂ ಬತ್ತೀನಿ. ಇಷ್ಟ್ ವರ್ಸ ಬುತ್ತಿ ಕಟ್ಟಿವ್ನಿ, ಬಸ್ಸ ಒಳಗಡೆ ಕಂಡಿಲ್ಲ." ಸೆರಗು ಸಿಕ್ಕಿಸಿಕೊಂಡು ಬಾಗಿಲ ಹತ್ತಿರ ಬಂದರು.

ಚಿಕ್ಕಣ್ಣನವರು ತಕ್ಷಣ ಬಾಗಿಲು ತೆರೆಯಲಿಲ್ಲ. ಹೊರಗಿನವರನ್ನು ಹತ್ತಿಸಬಾರದು. ಕನ್ನಡಿಯಲ್ಲಿ ಅವರ ಕಣ್ಣು ಹಿಂದಿನ ಸಾಲನ್ನು ಹುಡುಕಿತು. ನಾವೆಲ್ಲರೂ ಅತ್ತ ತಿರುಗಿದೆವು. ಪ್ರಸನ್ನ ಸರ್ ಕಿಟಕಿಯಿಂದ ಹೊರಗೆ, ಯಾರದೋ ಹುಲ್ಲಿನ ಮೆದೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಬಾಗಿಲು ತೆರೆಯಿತು.

ಜಯಮ್ಮನ ಹಿಂದೆಯೇ ದೊಡ್ಡಯ್ಯನವರೂ ಹತ್ತಿದರು. "ಗೇರ್ ಹಾಕಕ್ ಬತ್ತದೋ ಇಲ್ವೋ ನೋಡಾನ ನಡಿ" ಎಂದು ಮುಬಾರಕನನ್ನು ಸರಿಸಿ ಮುಂದೆ ಕೂತರು.

ಮಾಗಡಿಯೊಳಗೆ ಚಿಕ್ಕಣ್ಣನವರು ತಮ್ಮ ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರು. ಹೂವಿನವಳು ಬಂದು ಕಿಟಕಿಯಿಂದ ಒಂದು ಮೊಳ ಮಲ್ಲಿಗೆ ಕೊಟ್ಟಳು. ಹೋಟೆಲಿನ ಯಜಮಾನರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಏನಣ್ಣ, ನಾಳೆಯಿಂದ ತಟ್ಟೆ ಇಡ್ಲಿ ಯಾರಿಗ್ ಎತ್ತಿಡ್ಲಿ?" ಎಂದರು.

"ಓ, ಇದೇನಾ?" ಎಂದರು ಜಯಮ್ಮ, ಸೀಟಿನಿಂದ ಎದ್ದು. "ದಿನಾ ಇಲ್ಲಿ ಬೆಣ್ಣೆ ಹಾಕ್ಕೊಂಡು ತಿನ್ಕೊಂಡು, ಬುತ್ತಿ ಅರ್ಧ ವಾಪಸ್ ತಂದು, ಹಸಿವಿಲ್ಲ ಕಣೇ ಅಂತಿದ್ದೆ."

ಬಸ್ಸಿನವರೆಲ್ಲ ನಕ್ಕರು. ಪ್ರಸನ್ನ ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಚಿಕ್ಕಣ್ಣನವರು ಕೈಯೆತ್ತಿ ಹೋಟೆಲಿನವರಿಗೆ ನಮಸ್ಕಾರ ಮಾಡಿ ಮುಂದೆ ಹೊರಟರು. ಪ್ರತಿ ನಿಲ್ದಾಣದಲ್ಲೂ ಯಾರಾದರೊಬ್ಬರು ಹೊರಗೆ ಬಂದೇ ಬರುತ್ತಿದ್ದರು. ಪರದೆಯ ಮೇಲಿನ ಚಿತ್ರಗಳಿಗೆ ನಾನು ಹುಡುಕಿದರೂ ಸಿಗದಿದ್ದ ಮುಖಗಳು ಅವು.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಬಂತು. ಏರಿ ಒಂದೇ ಬಂಡಿಯ ಅಗಲ. ಟ್ರ್ಯಾಕ್ಟರಿನವನು ಕೈ ಚೆಲ್ಲಿದ. ಚಿಕ್ಕಣ್ಣನವರು ಪೇಟ ತೆಗೆದು ಜಯಮ್ಮನ ಮಡಿಲಿಗೆ ಇಟ್ಟು, ಬಸ್ಸನ್ನು ಹಿಂದಕ್ಕೆ ಬಿಡತೊಡಗಿದರು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಮುಬಾರಕ್ ಹಿಂದಿನ ಬಾಗಿಲಲ್ಲಿ ನಿಂತು ಕೂಗಬೇಕೆಂದಿದ್ದವನು ಕೈಕಟ್ಟಿ ನೋಡತೊಡಗಿದ. ದೊಡ್ಡಯ್ಯನವರ ಬಲಗಾಲು ನೆಲ ಒತ್ತುತ್ತಿತ್ತು. ಏರಿ ಮುಗಿಯುವವರೆಗೆ ಬಸ್ಸು ದಾರದ ಮೇಲೆ ಇಟ್ಟಂತೆ ಹಿಂದೆ ಸರಿಯಿತು, ಟ್ರ್ಯಾಕ್ಟರ್ ಮುಂದೆ ಹೋಯಿತು.

ಮನೆಯ ಮುಂದೆ ನಿಂತಾಗ ರಾಹುಕಾಲ ಮುಗಿದಿತ್ತು. ಊರಿನವರು ಕಾದಿದ್ದರು. ದೊಡ್ಡಯ್ಯನವರು ಎಲ್ಲರಿಗಿಂತ ಮೊದಲು ಇಳಿದು, ಕಟ್ಟೆಯ ಕಡೆ ನೋಡದೆ, ತಮ್ಮನಿಗೆ ಹೇಳಿದರು:

"ಹಾರ್ನ್ ಒಸಿ ಜಾಸ್ತಿ ಹೊಡೀತೀಯ ಕಣ್ಲಾ."

ಚಿಕ್ಕಣ್ಣನವರ ಮುಖ ಅಗಲವಾಯಿತು. ಬೇರೆ ತಪ್ಪು ಅಣ್ಣನಿಗೆ ಸಿಕ್ಕಿರಲಿಲ್ಲ.

ಜಯಮ್ಮ ಓಡಿ ಒಳಗೆ ಹೋಗಿ ಆರತಿ ತಂದರು. ನಮ್ಮ ಕಡೆ ಒಂದು ಮಾತಿದೆ. ಕರೆತಂದವರಲ್ಲಿ ಒಬ್ಬರು ಮನೆಯವರ ಮುಂದೆ ನಿಂತು, ಇಷ್ಟು ದಿನ ನಮ್ಮ ಜೊತೆ ಇದ್ದರು, ಇನ್ನು ನಿಮಗೆ ಒಪ್ಪಿಸುತ್ತಿದ್ದೇವೆ ಎನ್ನಬೇಕು. ಬೀಳ್ಕೊಡುಗೆಗೆ ಬಂದ ಮನೆಯವರಿಗೆ ಅದನ್ನು ಹೇಳುತ್ತಿದ್ದ ಕೆಂಪಯ್ಯನವರೇ ನಿವೃತ್ತರಾಗಿ ಹೋಗಿದ್ದರು. ಎಲ್ಲರೂ ಪ್ರಸನ್ನ ಸರ್ ಕಡೆ ನೋಡಿದರು. ಸರ್ ನನ್ನ ಕಡೆ ನೋಡಿದರು. "ಇದೆಲ್ಲ ನಿಮ್ಮದೇ ಏರ್ಪಾಡು. ಜಾಗ ಪರಿಶೀಲನೆ" ಎಂದರು. ನಾನು ಮುಂದೆ ಬಂದೆ. ಮೈಕ್ ಇರಲಿಲ್ಲ.

"ಇವರು ಒಂದು ದಿನವೂ ನಮ್ಮನ್ನು ಬಿಟ್ಟು ಹೋದವರಲ್ಲ" ಎಂದೆ. "ನಾವೇ ಇವರನ್ನು ಬಿಟ್ಟು ಹೋಗ್ತಿದ್ದೀವಿ. ನೋಡ್ಕೊಳ್ಳಿ."

ಜಯಮ್ಮ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು. "ಇನ್ನೊಂದ್ಸಲ ಯೋಚ್ನೆ ಮಾಡವ್ವ. ವಾಪಸ್ ತಗಳಲ್ವಾ?"

ಊಟಕ್ಕೆ ಮುದ್ದೆ, ಬಾಡಿನ ಸಾರು. ಪ್ರಸನ್ನ ಸರ್ ಮುದ್ದೆಯನ್ನು ಚೆನ್ನಾಗಿ ಅಗಿಯುತ್ತಿದ್ದುದನ್ನು ನೋಡಲಾರದೆ ದೊಡ್ಡಯ್ಯನವರು, "ನುಂಗಿ ಸಾರ್, ಅದು ತಾನೇ ದಾರಿ ಹುಡುಕ್ಕಂಡ್ ಓಯ್ತದೆ" ಎಂದು ಪಕ್ಕದಲ್ಲಿ ಕೂತು ಕಲಿಸಿದರು. ಹೊರಡುವಾಗ ಚಿಕ್ಕಣ್ಣನವರು ಬೀಗದ ಕೈಯನ್ನು ಮುಬಾರಕನ ಅಂಗೈಯಲ್ಲಿಟ್ಟರು. ಆದರೆ ಬೆರಳು ಸಡಿಲಿಸಲಿಲ್ಲ. ಸೆಕೆಂಡ್ ಗೇರು, ಮಂಜಿನ ದಿನದ ಹೋಟೆಲ್ ತಿರುವು, ಎಡಗನ್ನಡಿ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಇಬ್ಬರ ಕೈಯೂ ಒಂದೇ ಕೀಲಿಯ ಮೇಲಿತ್ತು. ಆಮೇಲೆ ಬಿಟ್ಟರು. ಮೈದಾನ ಬಸ್ಸು ನಿಲ್ಲಿಸಲು ಯೋಗ್ಯವಲ್ಲ, ದೀಪದ ವ್ಯವಸ್ಥೆ ಇಲ್ಲ ಎಂದು ಸರ್ ದಾರಿಯಲ್ಲಿ ನನ್ನ ಕೈಲಿ ಬರೆಸಿದರು. ಇನ್ನು ಮುಂದೆ ಯಾವ ಬಸ್ ಲೈನಿನವರು ನಿವೃತ್ತರಾದರೂ ಇಂಥ ಪರಿಶೀಲನೆ ಮಾಡುತ್ತಿರಬೇಕು ಎಂದೂ ಬರೆಸಿದರು.

ಮರುದಿನ ಬೆಳಿಗ್ಗೆ, ಇನ್ನೂ ಪೂರ್ತಿ ಬೆಳಕು ಹರಿಯದಿರುವಾಗ, ನಾನು ಎಂದಿನಂತೆ ಮಾಗಡಿಯಲ್ಲಿ ಬಸ್ಸು ಹೊರಡುವ ಜಾಗಕ್ಕೆ ಬಂದೆ. ಮುಬಾರಕ್ ಇಂಜಿನ್ ಚಾಲೂ ಮಾಡಿದ್ದ. ರಸ್ತೆಯ ಆಚೆ, ಮೊಪೆಡ್ಡಿನ ಪಕ್ಕದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಚಿಕ್ಕಣ್ಣನವರು ನಿಂತಿದ್ದರು. ಹತ್ತುತ್ತಿದ್ದವರು ಅವರನ್ನು ನೋಡಿಯೂ ನೋಡದವರಂತೆ ಹತ್ತಿದರು. ಅಷ್ಟು ಚೆನ್ನಾಗಿ ಕಳಿಸಿಕೊಟ್ಟವರನ್ನು ಮರುದಿನವೇ ಮತ್ತೆ ಹೇಗೆ ಮಾತಾಡಿಸುವುದು?

ನಾನು ರಸ್ತೆ ದಾಟಿ ಅವರ ಬಳಿ ಹೋದೆ.

"ಎಚ್ಚರ ಆಗೋಯ್ತು" ಎಂದರು. "ಒಸಿ ನೋಡ್ಕೊಂಡ್ ಓಗಾನ ಅಂತ. ನೀವ್ ಹತ್ತಿ ಅಮ್ಮ, ಲೇಟಾಯ್ತದೆ."

ನಾನು ಹತ್ತಲಿಲ್ಲ. ಪಕ್ಕದ ಅಂಗಡಿಯಲ್ಲಿ ಎರಡು ಟೀ ಹೇಳಿ, ಒಂದನ್ನು ಅವರಿಗೆ ಕೊಟ್ಟು ಜೊತೆಯಲ್ಲಿ ನಿಂತೆ. ಮುಬಾರಕ್ ನನ್ನನ್ನು ನೋಡಿ ಕಾದ. ಹೋಗು ಎಂದು ಕೈ ಮಾಡಿದೆ. ಬಸ್ಸು ಹೊರಟು, ಅಗೆದ ಗುಂಡಿಯನ್ನು ಬಳಸಿ, ಮುಖ್ಯರಸ್ತೆಗೆ ತಿರುಗಿತು. ಬಾಳೆಕಂಬದ ಒಂದು ಎಲೆ ಇನ್ನೂ ಬಂಪರಿಗೆ ಸಿಕ್ಕಿಕೊಂಡಿತ್ತು.

"ತಿರುವು ಒಸಿ ಅಗಲಕ್ ತಗಂಡ" ಎಂದರು ಚಿಕ್ಕಣ್ಣನವರು. ಬಸ್ಸಿನ ಹಿಂದಿನ ದೀಪ ಕಾಣದಾಗುವವರೆಗೆ ನೋಡಿ, ಟೀ ಕುಡಿದರು. "ಪರ್ವಾಗಿಲ್ಲ, ಓಡಿಸ್ತಾನೆ."

ಅವರು ಮೊಪೆಡ್ಡಿನ ಮೇಲೆ ಊರಿನ ಕಡೆ ಹೊರಟ ಮೇಲೆ ನಾನು ಬಸ್ ನಿಲ್ದಾಣಕ್ಕೆ ನಡೆದು, ಬಿಡದಿಗೆ ಹೋಗುವ ಸರ್ಕಾರಿ ಬಸ್ಸು ಹತ್ತಿದೆ.